ದೇವರ ಹೆಸರಲ್ಲಿ ಒಂದು ವರ್ಗಾವಣೆ

"ಆ ಚೇರ್ಮನ್ ದೊರೆಗೆ ಇವತ್ತು ಊಟ ರುಚಿಸಬಾರದು," ಎಂದಳು ಸುಗಂಧಿ, ಗಾಡಿ ದೊಡ್ಡಬಳ್ಳಾಪುರದ ಕೊನೆಯ ಮನೆ ದಾಟುತ್ತಿದ್ದಂತೆ. "ಸಾರಿಗೆ ಉಪ್ಪು ಜಾಸ್ತಿ ಆಗಿರಬೇಕು. ಬಟ್ಲರ್‌ನ ಕರೆದು ಬೈಬೇಕು. ಬೈದ ಮೇಲೆ ಹೊಟ್ಟೆ ನೋಯಬೇಕು."

"ಹಾಗೆಲ್ಲ ಅನ್ನಬಾರದು ಕಣೆ," ಎಂದ ಅವಳ ಗಂಡ ಜೀವರತ್ನ.

"ನೀವು ಪಾದ್ರಿಗಳು, ನೀವು ಅನ್ನಬೇಡಿ. ನಾನು ಅಂತೀನಿ."

ಗಾಡಿಯಲ್ಲಿ ಅವರ ಸಂಸಾರವೆಲ್ಲ ಇತ್ತು. ಟ್ರಂಕು, ಒರಳುಕಲ್ಲು, ಹಾಸಿಗೆ ಸುರುಳಿ, ಅವನ ಪುಸ್ತಕದ ಪೆಟ್ಟಿಗೆ. ಗಾಡಿ ಹೊಡೆಯುವ ಕೊಂಡಪ್ಪ ನಗು ತಡೆಯಲಾರದೆ ಎತ್ತುಗಳಿಗೆ ಸುಮ್ಮಸುಮ್ಮನೆ ಹೈ ಹೈ ಎಂದ. ಜೀವರತ್ನ ಮಾತ್ರ ನಗಲಿಲ್ಲ. ಈ ವರ್ಗದಲ್ಲಿ ಆ ಇಂಗ್ಲಿಷ್ ದೊರೆಯ ತಪ್ಪು ಏನೇನೂ ಇಲ್ಲವೆಂದು ಆ ಗಾಡಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಮಿಷನ್ನಿನ ಪಾದ್ರಿಗಳಿಗೆ ಸ್ವಂತ ಊರು ಅಂತ ಒಂದಿರುವುದಿಲ್ಲ. ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಸಿನೋಡ್, ಅಂದರೆ ಪಾದ್ರಿಗಳ ಮಹಾಸಭೆ, ಕೂಡುತ್ತದೆ. ಪ್ರಾರ್ಥನೆ ಮಾಡಿ, ಯಾವ ಪಾದ್ರಿ ಯಾವ ಊರಿಗೆ ಎಂದು ಚೇರ್ಮನ್ ದೊರೆ ಗಟ್ಟಿಯಾಗಿ ಓದುತ್ತಾರೆ. ಓದಿದ ಮೇಲೆ ಮುಗಿಯಿತು, ಅದು ದೇವರ ಚಿತ್ತ. ಪಾದ್ರಿಗಳ ಹೆಂಡತಿಯರು ಪಾತ್ರೆ ಕಟ್ಟಲು ಶುರು ಮಾಡುತ್ತಾರೆ. ಸುಗಂಧಿ ಹೀಗೆ ಹೊಸಕೋಟೆ, ನೆಲಮಂಗಲ ಎಲ್ಲ ಸುತ್ತಿದ್ದಳು, ನಗುನಗುತ್ತಲೇ. ತಾನು ನೆಟ್ಟ ನುಗ್ಗೆಯ ಕಾಯಿ ಯಾವತ್ತಿದ್ದರೂ ಮುಂದೆ ಬರುವ ಪಾದ್ರಿಯ ಸಾರಿಗೇ ಎಂದು ತಮಾಷೆ ಮಾಡುತ್ತಿದ್ದಳು.

ಈ ಸಲ ಹಾಗಲ್ಲ. ದೊಡ್ಡಬಳ್ಳಾಪುರದಲ್ಲಿ ಅವರ ಲಿಲ್ಲಿ ಇದ್ದಳು. ಹಲ್ಲು ಮೂಡುವ ಮುಂಚೆಯೇ ಜ್ವರ ಬಂದು ಹೋದ ಮಗು. ಸ್ಮಶಾನ ಪಾದ್ರಿ ಮನೆಯ ಹಿತ್ತಿಲಿಗೆ ಕಾಣುವಷ್ಟು ಹತ್ತಿರ. ಸುಗಂಧಿ ದಿನಾ ಸಂಜೆ ಸೆರಗಿನಲ್ಲಿ ಕನಕಾಂಬರ ತುಂಬಿಕೊಂಡು ಹೋಗುತ್ತಿದ್ದಳು. ವಾಪಸ್ ಬಂದು ಗಂಡನಿಗೆ ಊಟ ಬಡಿಸುತ್ತಿದ್ದಳು. ಮುಖ ನೋಡುತ್ತಿರಲಿಲ್ಲ.

ಆ ಒಂದು ನೋಟಕ್ಕಾಗಿ ಪಾದ್ರಿ ಜೀವರತ್ನ ಮಾಡಿದ ಕಸರತ್ತು ಅವನ ಚರ್ಚಿನ ಸಭೆಯವರಿಗೆ ತಿಳಿದರೆ ಏನನ್ನುತ್ತಿದ್ದರೋ. ಬೇಕೆಂದೇ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಅವಳೆದುರು ನಿಲ್ಲುತ್ತಿದ್ದ. ಮೊದಲಾದರೆ "ಇದೇನ್ರೀ ಇದು, ಹೀಗೇ ಚರ್ಚಲ್ಲಿ ಪ್ರಸಂಗಕ್ಕೆ ಹತ್ತೋದಾ?" ಎಂದು ಓರೆಗಣ್ಣಲ್ಲಿ ನೋಡುತ್ತ, ಒಂದೊಂದೇ ಗುಂಡಿ ಬಿಚ್ಚಿ ಮತ್ತೆ ಹಾಕುತ್ತಿದ್ದಳು, ಬೇಕಾದ್ದಕ್ಕಿಂತ ತುಂಬ ನಿಧಾನವಾಗಿ. ಈಗ ಅವಳ ಕಣ್ಣು ಅವನನ್ನು ದಾಟಿ ಹಿತ್ತಿಲ ಕಡೆಗೆ ಹೋಗುತ್ತಿತ್ತು. ಅವನು ತಾನೇ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

ಕಡೆಗೆ ಸಿನೋಡಿಗೆ ಹೋದಾಗ ಚೇರ್ಮನ್ ದೊರೆಯ ಬಾಗಿಲು ತಟ್ಟಿದ. ಎಲ್ಲಿಗಾದರೂ ಕಳಿಸಿ, ದೊಡ್ಡಬಳ್ಳಾಪುರ ಮಾತ್ರ ಬೇಡ ಎಂದು ಬೇಡಿಕೊಂಡ. ದೊರೆ ಇನ್ನೂ ಸ್ವಲ್ಪ ಕಾಲ ಅಲ್ಲೇ ಇರಿ ಎಂದರೂ ಕೇಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: "ಸೂಲಿಬೆಲೆಗೆ ಹಾಕಿದ್ದಾರೆ. ದೇವರ ಚಿತ್ತ."

ಸುಳ್ಳು ಹೇಳಬೇಡಿ ಎಂದು ಭಾನುವಾರ ಭಾನುವಾರ ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, ತನ್ನ ಸುಳ್ಳಿಗೆ ದೇವರನ್ನೇ ಸಾಕ್ಷಿ ಹಾಕಿದ್ದ.

ಸೂಲಿಬೆಲೆಯ ಮನೆ ಸಣ್ಣದು. ಹೆಂಚು ಸರಿದ ಕಡೆ ಬಿಸಿಲು ಒಳಗೇ ಬರುತ್ತಿತ್ತು. ಯುದ್ಧದ ಕಾಲ, ಸೀಮೆಎಣ್ಣೆಗೂ ರೇಷನ್ನು. ಒಂದು ಬೆಳಿಗ್ಗೆ ಜೀವರತ್ನ ನೀರು ಸೇದಲು ಹೋಗಿ, ಗಂಟು ಜಾರಿ, ಬಿಂದಿಗೆಯನ್ನು ಬಾವಿಗೆ ಬಿಟ್ಟ. ಪಕ್ಕದ ಮನೆಯ ಮುನಿಲಕ್ಷ್ಮಮ್ಮನ ಹತ್ತಿರ ಪಾತಾಳಗರಡಿ ಈಸಿಕೊಂಡು ಬಂದು, ಆ ಕೊಕ್ಕೆಗಳ ಗೊಂಚಲನ್ನು ಇಳಿಬಿಟ್ಟು ತಡಕಾಡಿದ. ಯಾರದೋ ಹಳೆಯ ಚೊಂಬು ಬಂತು. ಬಿಂದಿಗೆ ಬರಲಿಲ್ಲ.

"ಬೈಬಲ್ಲಲ್ಲಿ ಹೇಳೋ ಹಾಗೆ ಮನುಷ್ಯರನ್ನ ಹಿಡಿಯೋ ಬೆಸ್ತರು ನೀವು. ಒಂದು ಬಿಂದಿಗೆ ಹಿಡಿಯಕ್ಕಾಗಲ್ವಾ?"

ಅವನು ತಿರುಗಿದ. ಸುಗಂಧಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು, ಅವನನ್ನೇ. ಒಂದು ಹುಬ್ಬು ಸ್ವಲ್ಪ ಮೇಲೆ, ಕೆಳತುಟಿ ಹಲ್ಲಿನಡಿಯಲ್ಲಿ. ಆಮೇಲೆ ತಡೆಯಲಾರದೆ ನಕ್ಕೇಬಿಟ್ಟಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಹಗ್ಗ ಬಿಸಾಕಿ ಓಡಿಹೋಗಿ ಅವಳನ್ನು ಎತ್ತಿಕೊಳ್ಳಬೇಕೆನಿಸಿತು ಅವನಿಗೆ. ಬಾವಿಯ ಆ ಕಡೆ ಮುನಿಲಕ್ಷ್ಮಮ್ಮ ನಿಂತಿದ್ದಳೆಂದು ಹಗ್ಗವನ್ನೇ ಹಿಡಿದುಕೊಂಡ.

"ಅಷ್ಟು ಬಲ್ಲವಳು ನೀನೇ ಬಾ," ಎಂದ.

ಅವಳು ಬಂದಳು. ಹಗ್ಗ ಹಿಡಿದ ಅವನ ಕೈಗೆ ತಾಗುವಂತೆಯೇ ಕೈಯಿಟ್ಟು, ಬಾವಿಯೊಳಗೆ ಬಗ್ಗಿ ನೋಡಿದಳು. ಅವಳ ಮುಡಿಯ ಸೀಗೆಪುಡಿಯ ವಾಸನೆ ಅವನ ಮೂಗಿನ ಹತ್ತಿರವೇ ಇತ್ತು. ಬಿಂದಿಗೆ ಒಂದೇ ಏಟಿಗೆ ಸಿಕ್ಕಿಬಿತ್ತು. "ನೋಡಿದ್ರಾ?" ಎಂದು ಮುಖವೆತ್ತಿದವಳು ಹಗ್ಗದ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು.

"ಲಿಲ್ಲೀನ ಅಲ್ಲಿ ಒಬ್ಬಳನ್ನೇ ಬಿಟ್ಟು ಬಂದು, ಇಲ್ಲಿ ನಗ್ತಿದ್ದೀನಲ್ರೀ ನಾನು."

"ನಕ್ಕರೆ ತಪ್ಪೇನಿಲ್ಲ ಕಣೆ," ಎಂದ ಜೀವರತ್ನ. ಬಿಂದಿಗೆಯನ್ನು ಮೇಲಕ್ಕೆಳೆದುಕೊಂಡ.

ಅಂದಿನಿಂದ ಅವಳ ಒಂದೊಂದು ನಗುವೂ ಅವನಿಗೆ ಬೇಕಾಗಿತ್ತು, ಒಂದೊಂದೂ ಚುಚ್ಚುತ್ತಿತ್ತು. ಅವಳು ಸಂತೋಷವಾಗಿದ್ದಷ್ಟೂ ಕದ್ದ ಮಾಲು ಮನೆಯಲ್ಲಿಟ್ಟುಕೊಂಡವನ ಹಾಗೆ ಒಳಗೊಳಗೇ ಬೇಯುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ಸುಗಂಧಿಯೂ ಮುನಿಲಕ್ಷ್ಮಮ್ಮನೂ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಒಳಗೆ ಜೀವರತ್ನ ಮಾರನೆಯ ದಿನದ ಪ್ರಸಂಗ ಬರೆಯುತ್ತಿದ್ದ. ಮುನಿಲಕ್ಷ್ಮಮ್ಮನ ಮಗ ಹಿಂದಿನ ವರ್ಷ ತೀರಿಕೊಂಡಿದ್ದ.

"ನನ್ ತಮ್ಮ ಜಡಿಗೇನಹಳ್ಳಿಗೆ ಬಂದ್ಬಿಡು ಅಂತ ಕರೀತಾನೆ ಅಮ್ನೋರೆ," ಎನ್ನುತ್ತಿದ್ದಳು ಆಕೆ. "ಮಗ ಓಡಾಡಿದ್ ಮನೆ ಬಿಟ್ಟು ಹೋಗಕ್ಕೆ ಕಾಲೇ ಬರಾಕಿಲ್ಲ. ನೀವೆಂಗೆ ಬಿಟ್ ಬಂದ್ರಿ?"

"ನಾನಾಗಿ ಬಂದಿದ್ರೆ ಒಂದು ತುತ್ತೂ ಗಂಟಲಲ್ಲಿ ಇಳೀತಿರಲಿಲ್ಲ ಮುನಿಲಕ್ಷ್ಮಮ್ಮ," ಎಂದಳು ಸುಗಂಧಿ. "ದೇವರು ಕಳಿಸಿದ. ಕಳಿಸಿದೋನು ನನ್ನ ಲಿಲ್ಲೀನೂ ನೋಡ್ಕೋತಾನೆ. ಅದೊಂದು ನಂಬಿಕೆ ಇಲ್ದಿದ್ರೆ ಇಷ್ಟೊತ್ತಿಗೆ ನಂಗೆ ಹುಚ್ಚು ಹಿಡೀತಿತ್ತು."

ಜೀವರತ್ನ ಪೆನ್ನು ಕೆಳಗಿಟ್ಟ. ಹೇಳಿದರೆ ಆ ನಗು ಹೋಗುತ್ತದೆ, ಬಹುಶಃ ಅವಳೂ ಹೋಗುತ್ತಾಳೆ. ಹೇಳದಿದ್ದರೆ ಅವಳ ನಂಬಿಕೆಯೆಲ್ಲ ತನ್ನ ಸುಳ್ಳಿನ ಮೇಲೆ ನಿಂತಿರುತ್ತದೆ. ಮುನಿಲಕ್ಷ್ಮಮ್ಮ ಎದ್ದು ಹೋಗುವವರೆಗೆ ಕಾದು ಹೊರಗೆ ಬಂದ.

"ಸುಗಂಧಿ, ನಮ್ಮನ್ನ ಸಿನೋಡ್‌ನೋರು ಕಳಿಸಲಿಲ್ಲ. ನಾನೇ ಕೇಳಿಕೊಂಡೆ."

"ಏನು ಕೇಳಿಕೊಂಡ್ರಿ?"

"ವರ್ಗ ಮಾಡಿ ಅಂತ. ದೊರೆ ಬೇಡ ಅಂದ್ರು. ನಾನೇ ಹಟ ಮಾಡಿದೆ."

ಅವಳ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. "ಯಾಕೆ?"

"ನೀನು ದಿನಾ ಲಿಲ್ಲಿ ಹತ್ತಿರ ಹೋಗಿ ಬಂದ ಮೇಲೆ ನನ್ನ ಮುಖಾನೇ ನೋಡ್ತಿರಲಿಲ್ಲ. ನಂಗೆ... ನಂಗೆ ನೀನು ಬೇಕಾಗಿತ್ತು."

"ಹಂಗಂತ ಹೇಳಬೇಕಾಗಿತ್ತು."

"ಹೆಂಗೆ ಹೇಳ್ಲಿ? ಸತ್ತಿರೋ ಮಗೂನ ಬಿಟ್ಟು ನನ್ನ ನೋಡು ಅಂತ ಹೆಂಡತಿಗೆ ಹೇಳೋದಾ?"

"ಅದಕ್ಕೆ ದೇವರ ಹೆಸರು ಹೇಳಿದ್ರಾ?"

ಸುಗಂಧಿ ಕೈ ತೊಳೆದುಕೊಂಡು ಒಳಗೆ ಹೋದಳು. ಅತ್ತಿದ್ದರೆ, ಬೈದಿದ್ದರೆ, ಕೈಗೆ ಸಿಕ್ಕಿದ್ದು ಎಸೆದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಒಲೆ ಹಚ್ಚಿ ಅನ್ನಕ್ಕೆ ಇಟ್ಟಳು.

ಭಾನುವಾರ ಆರಾಧನೆಗೆ ಅವಳು ಬರಲಿಲ್ಲ. ಜೀವರತ್ನ ಬರೆದಿಟ್ಟ ಪ್ರಸಂಗವನ್ನು ಓದಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಅಯ್ನೋರಿಗೆ ಮೈ ಸರಿಯಿಲ್ಲ ಎಂದುಕೊಂಡರು ಸಭೆಯವರು. ಮನೆಗೆ ಬಂದಾಗ ಸುಗಂಧಿ ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು.

"ನಾಳೆ ಬಸ್ಸಿಗೆ ದೊಡ್ಡಬಳ್ಳಾಪುರಕ್ಕೆ ಹೋಗ್ತೀನಿ."

"ವಾಪಸ್ಸು ಯಾವಾಗ?" ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗಂಟನ್ನು ತಾನೇ ಹೊತ್ತು ಅವಳ ಹಿಂದೆ ನಡೆದ. ದೇವನಹಳ್ಳಿ ಮೇಲೆ ಹೋಗುವ ಇದ್ದಲು ಬಸ್ಸು ನಿಂತಿತ್ತು. ಪೆಟ್ರೋಲ್ ಸಿಗದ ದಿನಗಳವು. ಹಿಂದಿನ ಇದ್ದಲ ಒಲೆಗೆ ಗಾಳಿ ಹಾಕಲು ಕ್ಲೀನರ್ ಬೆವರು ಸುರಿಸಿಕೊಂಡು ಚಕ್ರ ತಿರುಗಿಸುತ್ತಿದ್ದ. ಸುಗಂಧಿ ಹತ್ತಿ ಕಿಟಕಿಯ ಪಕ್ಕ ಕೂತಳು. ಜೀವರತ್ನ ಗಂಟನ್ನು ಕಿಟಕಿಯೊಳಗೆ ಕೊಟ್ಟು, ಕೆಳಗೆ ನಿಂತ.

"ನಾನು ನಿಮ್ಮ ಮುಖ ನೋಡ್ತಿರಲಿಲ್ಲ ಅಂದ್ರಲ್ಲ," ಎಂದಳು ಸುಗಂಧಿ, ಮೆಲ್ಲಗೆ. "ದಿನಾ ಆ ಸ್ಮಶಾನದ ಗೇಟಿನ ಹತ್ತಿರ ನಿಂತು ಮನೆ ಕಡೆ ತಿರುಗಿ ನೋಡ್ತಿದ್ದೆ. ಇವತ್ತಾದ್ರೂ ಬರ್ತಾರಾ ಅಂತ. ಮಣ್ಣು ಮಾಡಿದ ದಿನ ಬಿಟ್ರೆ ನೀವು ಒಂದ್ಸಲಾನೂ ಬರಲಿಲ್ಲ."

ಅಲ್ಲಿಗೆ ಹೋಗಲು ಭಯವಾಗುತ್ತಿತ್ತು ಎಂದು ಅವನು ಹೇಳಬಹುದಿತ್ತು. ಊರಿನವರ ಮಕ್ಕಳನ್ನೆಲ್ಲ ಮಣ್ಣು ಮಾಡಿದ ಕೈ, ತನ್ನ ಮಗುವಿನ ದಿಬ್ಬಕ್ಕೆ ಒಂದು ಹೂವಿಡಲಾರದು ಎಂದು ಹೇಳಬಹುದಿತ್ತು. ಬದಲಿಗೆ ಕಿಟಕಿಯ ಸರಳು ಹಿಡಿದು ತಲೆ ತಗ್ಗಿಸಿ ಅತ್ತ, ಬಸ್‌ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಎದುರಿಗೆ.

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ," ಎಂದಳು ಅವಳು. "ಬೇಗ ಹೋಗೋದೂ ಇಲ್ಲ. ಇನ್ನೊಂದ್ಸಲ ವರ್ಗ ಬೇಕಾದ್ರೆ ದೇವರನ್ನ ಕೇಳೋ ಮುಂಚೆ ನನ್ನ ಕೇಳಿ. ಈಗ ಯಾಕ್ರೀ ಅಲ್ಲಿ ನಿಂತಿದ್ದೀರಿ? ಹತ್ತಿ."

ಅವನು ಕಣ್ಣೊರೆಸಿಕೊಂಡು ಹತ್ತಿದ. ಅವಳು ಗಂಟನ್ನು ತೊಡೆಯ ಮೇಲೆಳೆದುಕೊಂಡು ಜಾಗ ಮಾಡಿಕೊಟ್ಟಳು. ಬಸ್ಸು ಕೆಮ್ಮಿ ಕೆಮ್ಮಿ ಹೊರಟಿತು. ಕಂಡಕ್ಟರ್ ವೆಂಕಟರಾಮಪ್ಪ ಚೀಟಿ ಹರಿಯುತ್ತ ಬಂದ.

"ಏನು ಅಯ್ನೋರೆ, ಇಬ್ಬರೂ ಹೊರಟ್ಬಿಟ್ರಿ? ಎಲ್ಲಿಗೆ?"

ಜೀವರತ್ನ ಹೆಂಡತಿಯ ಮುಖ ನೋಡಿದ. ಅವಳು ಅವನ ಉತ್ತರಕ್ಕೆ ಕಾಯುತ್ತ ಅವನನ್ನೇ ನೋಡುತ್ತಿದ್ದಳು.

"ದೊಡ್ಡಬಳ್ಳಾಪುರಕ್ಕೆ," ಎಂದ. "ನಮ್ಮ ಮಗಳನ್ನ ನೋಡಕ್ಕೆ ಹೋಗ್ತಿದ್ದೀವಿ."