ಹಿಂದಕ್ಕೆ ಮುಖ ಮಾಡಿದ ಸೀಟು

"ಕಾಲು ಚಾಚ್ರಿ. ಅಳತಿ ತಗೋಬೇಕು."

ಶೇವಂತಿ ಸೆರಗು ಬಿಗಿಯಾಗಿ ಎಳೆದುಕೊಂಡಳು. ಸೈಕಲ್ ರಿಪೇರಿಯ ಹಾಲಸಿದ್ದಪ್ಪ ಕೈಯಲ್ಲೊಂದು ಹುರಿ ಹಿಡಿದು, ನೆಲ ನೋಡುತ್ತ ಅಂಗಳದಲ್ಲಿ ಕೂತಿದ್ದ. ಅವಳ ಬಲಗಾಲಿನ ಮಂಡಿ ಚಿಕ್ಕಂದಿನಿಂದಲೂ ಬಾಗದು. ಆ ಕಾಲನ್ನು ಪರಗಂಡಸಿನ ಮುಂದೆ ಚಾಚುವುದೆಂದರೆ...

"ಸೀರಿ ಗಂಟಿನ ಅಳತಿ ತಗೊಂಡಂಗ ತಗೋತೀರೇನ್ರಿ?"

"ಗಂಟು ಸುಮ್ನ ಕುಂದರತೈತ್ರಿ. ಜಗಳಾಡೂದಿಲ್ಲ."

ಮಗ್ಗದ ಕುಣಿಯೊಳಗಿಂದ ಅಪ್ಪ ಕಾಶಪ್ಪ ನಕ್ಕ. ಶೇವಂತಿ ತುಟಿ ಕಚ್ಚಿ ಕಾಲು ಚಾಚಿದಳು.

ರಬಕವಿ, ಬನಹಟ್ಟಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲವದು. ಬನಹಟ್ಟಿಯ ಶೇವಂತಿಗೆ ಪಕ್ಕದ ರಬಕವಿಯಲ್ಲಿ ನೂಲು ಸುತ್ತುವ ಕೆಲಸ ಸಿಕ್ಕಿತ್ತು. ದಿನಾ ಹೋಗಿಬರುವುದಾದರೆ ಸೊಲ್ಲಾಪುರದ ವಿಧುರನ ಸಂಬಂಧ ಬೇಡವೆನ್ನುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ನಡೆಯಲು ಕಾಲಿಲ್ಲ, ಬಂಡಿಯ ಕುಲುಕಾಟ ಸೊಂಟಕ್ಕೆ ಆಗದು. ಉಳಿದದ್ದು ಅಪ್ಪನ ಹಳೆಯ ಸೈಕಲ್ಲು. ಅದರ ಮೇಲೆ ಅಪ್ಪ ನೇಯ್ದ ಸೀರೆಯ ಗಂಟೂ ಹೋಗಬೇಕು, ಮಗಳೂ ಹೋಗಬೇಕು.

ಹಾಲಸಿದ್ದಪ್ಪ ಗಂಟಿಗೆಂದು ಮುಂದಿನ ಗಾಲಿಯ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿದ. ಹಿಂದೆ ಹಳೆಯ ಮೋಟಾರ್ ಬಸ್ಸಿನ ಸ್ಪ್ರಿಂಗು ಕೂಡಿಸಿ, ಮಗ್ಗದ ಚಿಂದಿ ನೂಲು ತುಂಬಿ ಮೆತ್ತನೆಯ ಸೀಟು ಮಾಡಿದ. ಆದರೆ ಸೀಟಿನ ಮುಖ ಹಿಂದಕ್ಕಿತ್ತು!

ಮೊದಲ ದಿನ ಅಪ್ಪ ತುಳಿದ. ಓಣಿ ದಾಟುವ ಮೊದಲೇ ಯಾರೋ ಕೂಗಿದರು.

"ಏ ಕಾಶಪ್ಪಾ, ಹೋಳಿಹುಣ್ಣಿವಿಗೆ ಕತ್ತೆ ಮ್ಯಾಲೆ ತಿರುವಿ ಕುಂದರ್ಸ್ದಂಗ ಕುಂದರ್ಸಿಯಲ್ಲೋ ಮಗಳನ್ನ!"

ಓಣಿಯೆಲ್ಲ ನಕ್ಕಿತು. ಕಾಲು ನೋಯುತ್ತಿಲ್ಲ ಎಂಬುದು ಕೂಡ ಶೇವಂತಿಗೆ ಹೊಳೆಯಲಿಲ್ಲ. ಇಳಿದವಳೇ ಹಾಲಸಿದ್ದಪ್ಪನ ಅಂಗಡಿಯ ಮುಂದೆ ನಿಂತಳು.

"ನನ್ನ ನಗಪಾಟಲು ಮಾಡಬೇಕಂತಽ ಮಾಡಿದ್ರೇನು?"

ಅವನು ಸುತ್ತ ಸೇರಿದ ಜನರನ್ನು ನೋಡಿದ. "ತಿರುವಿ ಕೊಡತೀನ್ರಿ," ಎಂದಷ್ಟೇ ಅಂದ.

ತಿರುವಿಯೂ ಕೊಟ್ಟ. ಆದರೆ ಅವಳು ಮತ್ತೆ ಹತ್ತಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ಸೊಲ್ಲಾಪುರದ ಸಂಬಂಧಕ್ಕೆ ಅಪ್ಪ ಹೂಂ ಅಂದ.

ಮದುವೆಗೆಂದು ಸೊಲ್ಲಾಪುರಕ್ಕೆ ಹೊರಡುವ ದಿನ ಪೆಟ್ಟಿಗೆ, ನೆಂಟರು, ಅಪ್ಪನನ್ನು ಹೊತ್ತು ಬಂಡಿ ಮುಂದೆ ಹೋಯಿತು. ಶೇವಂತಿಯನ್ನು ರಬಕವಿಯ ಮೋಟಾರ್ ಸ್ಟ್ಯಾಂಡಿಗೆ ಮುಟ್ಟಿಸಲು ಅಪ್ಪ ತನ್ನ ಸೈಕಲ್ ಕೊಟ್ಟು ಕರೆದದ್ದು ಹಾಲಸಿದ್ದಪ್ಪನನ್ನೇ.

ಎಲ್ಲ ಹೆಂಗಸರಂತೆ ಒಂದು ಬದಿಗೆ ಕಾಲು ಬಿಟ್ಟು ಕೂತಳು. ಸೆಟೆದ ಕಾಲಿಗೆ ಅವನ ಹಿಮ್ಮಡಿ ತಾಗತೊಡಗಿತು. ಪೆಡಲು ತಿರುಗಿದಷ್ಟು ಸಲವೂ ನೋವು. ಅವಳಿಗೆ ತಾಗಬಾರದೆಂದು ಅವನು ಪಾದ ಒಳಗೆಳೆದುಕೊಂಡು ತುಳಿಯುತ್ತಿದ್ದ. ಪೆಡಲಿನ ಕಬ್ಬಿಣಕ್ಕೆ ಉಜ್ಜಿ ಅವನ ಪಾದದ ಹರಡಿನಲ್ಲಿ ರಕ್ತ ಒಸರುವುದು ಕಂಡಿತು.

"ನಿಲ್ಲಸ್ರಿ."

ಅವನು ನಿಲ್ಲಿಸಿದ.

"ಇದಕ್ಕಽ ಹಿಂದಕ್ಕ ಮಾಡಿದ್ರೇನು ಸೀಟು?"

"ಹೂಂ. ಕಾಲು ನೆಟ್ಟಗ ಚಾಚಬಹುದಿತ್ತು."

"ಆವತ್ತ ಹೇಳಾಕ ಏನಾಗಿತ್ರಿ?"

"ಅಷ್ಟ್ ಮಂದಿ ಮುಂದ ನಿಮ್ಮ ಕಾಲಿನ ಮಾತು ಹ್ಯಾಂಗ ಆಡ್ಲಿ?"

ನಾನು ನಾಲ್ಕು ಮಂದಿಯ ಮುಂದೆ ಬೈದೆ... ಇವನು ಅದೇ ಮಂದಿಯಿಂದ ನನ್ನನ್ನು ಮುಚ್ಚಿಟ್ಟ!

"ತಿರುವ್ರಿ ಅದನ್ನ."

ಅವನು ಪಾನಾ ತೆಗೆದು ನಟ್ಟು ಬಿಚ್ಚಿ ಸೀಟು ತಿರುವಿದ. ಈಗ ಬೆನ್ನಿಗೆ ಬೆನ್ನು. ಬನಹಟ್ಟಿ ಅವಳ ಕಣ್ಣೆದುರೇ ಸಣ್ಣದಾಗುತ್ತಿತ್ತು.

"ಬಿಗಿ ಹಿಡದು ಕುಂದರಬ್ಯಾಡ್ರಿ. ಒರಗ್ರಿ."

ಅವಳು ಒರಗಿದಳು.

"ಶೇವಂತಿ..." ಅವನು ಹೆಸರು ಹಿಡಿದದ್ದು ಇದೇ ಮೊದಲು. "ನಿಮ್ಮಪ್ಪನ್ನ ಕೇಳಬೇಕಂತ ಬಾಗಲ ತನ ಬಂದಿದ್ದೆ. ಜಾತಿ ಬ್ಯಾರೆ. ವಾಪಸ್ ಹೋದೆ."

"ನಾ ಬಾಗಲದಾಗಽ ನಿಂತಿದ್ದೆ."

"ಕಂಡಿದ್ದೆ. ಕಂಡಽ ಧೈರ್ಯ ಹೋತು."

"ಕೇಳಿದ್ರ ನಾ ಹೂಂ ಅಂತಿದ್ದೆ. ಅಪ್ಪ ಅಂತಿದ್ದಿಲ್ಲ."

"ಗೊತ್ತೈತಿ."

ದೂರದಲ್ಲಿ ಮೋಟಾರಿನ ಹಾರ್ನ್ ಕೇಳಿತು.

"ಸಾವಕಾಶ ಹೊಡೀರಿ."

"ಮೋಟಾರ್ ತಪ್ಪತೈತಿ."

"ತಪ್ಪಿದ್ರ?"

"ನಾಳೆ ಇನ್ನೊಂದು ಬರತೈತಿ."

ಹೌದು. ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಶೇವಂತಿ ಕಣ್ಣು ಮುಚ್ಚಿದಳು.

"ಆದ್ರೂ ಸಾವಕಾಶ ಹೊಡೀರಿ."

ಪೆಡಲು ನಿಧಾನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನ ಬೆನ್ನೊಳಗಿಂದಲೇ ಬಂದಂತೆ ಮಾತು ಕೇಳಿತು.

"ಕಾಲು ನೋಯಾಕತ್ತೈತೇನು?"

"ಇಲ್ಲ," ಎಂದಳು ಅವಳು. "ಕಾಲು ನೋಯೂದಿಲ್ಲ."