ತಾಯಿ ಕರಡಿಯ ದನಿ

"ನಗ್ತಿದೀರಲ್ಲ... ನಿಮಗೆ ಮನಸ್ಸು ಅನ್ನೋದೇ ಇಲ್ವಾ?"

ಅವಳು ಸೀಟಿನಿಂದ ಎದ್ದು, ಹಿಂದಕ್ಕೆ ತಿರುಗಿ ಕೂಗಿಯೇಬಿಟ್ಟಳು. ಥಿಯೇಟರಿನ ಮಕ್ಕಳೆಲ್ಲ ಸಿನಿಮಾ ಬಿಟ್ಟು ಅವಳನ್ನೇ ನೋಡಿದರು.

ಪರದೆಯ ಮೇಲೆ ಹಿಮ ಕುಸಿಯುತ್ತಿತ್ತು. "ಓಡು ಕಂದಾ! ಹಿಂದೆ ನೋಡ್ಬೇಡ!" ಎಂದು ತಾಯಿ ಕರಡಿ ಚೀರಿದ್ದೇ ತಡ, ಹಿಂದಿನ ಸಾಲಿನ ಆ ಮನುಷ್ಯ ಕಿಸಕ್ಕನೆ ನಕ್ಕಿದ್ದ.

ಚಿಕ್ಕಂದಿನಲ್ಲಿ ಅವಳೂ ಅಕ್ಕನೂ ಒಂದೇ ಕಂಬಳಿಯೊಳಗೆ ಮುದುಡಿಕೊಂಡು ಈ ಕಾರ್ಟೂನ್ ಸಿನಿಮಾ ಎಷ್ಟು ಸಲ ನೋಡಿದ್ದರೋ! ಈ ದೃಶ್ಯ ಬಂದಾಗಲೆಲ್ಲ ಅಕ್ಕ ಅವಳ ಕಣ್ಣು ಮುಚ್ಚುತ್ತಿದ್ದಳು. "ಮುಗೀತು ಪುಟ್ಟಿ, ಈಗ ನೋಡು..."

ಕಳೆದ ವರ್ಷ ಜ್ವರವೆಂದು ಆಸ್ಪತ್ರೆ ಸೇರಿದ ಅಕ್ಕ ತಿರುಗಿ ಮನೆಗೆ ಬರಲಿಲ್ಲ. ಈ ಕತ್ತಲಲ್ಲಿ ಎಲ್ಲಾದರೂ ಅವಳು ಸಿಕ್ಕಾಳೆಂಬ ಹುಚ್ಚು ಆಸೆ ಹೊತ್ತು ಬಂದಿದ್ದಳು ತಂಗಿ. ಸಿಕ್ಕಿದ್ದು ಬಣ್ಣ ಮಾಸಿದ ಚಿತ್ರ ಮಾತ್ರ. ಮತ್ತೆ ಪರದೆಯತ್ತ ತಿರುಗಿದವಳು, ಕಣ್ಣು ಮುಚ್ಚುವವರಿಲ್ಲದೆ, ತಾಯಿ ಕರಡಿ ಸಾಯುವುದನ್ನು ಇವತ್ತು ಮೊದಲ ಸಲ ಪೂರ್ತಿ ನೋಡಿದಳು.

ಸಿನಿಮಾ ಮುಗಿದಾಗ, ಹೊರಗೆ ಮೆಟ್ಟಿಲ ಬಳಿ ಆ ನಕ್ಕವನು ಕಾಯುತ್ತಿದ್ದ.

"ಕ್ಷಮಿಸಿ... ತಾಯಿ ಕರಡಿಗೆ ದನಿ ಕೊಟ್ಟಿದ್ದು ನಮ್ಮಮ್ಮ. ಆ ಮಾತಿನ ಕೊನೇಲಿ ಒಂದು ಸಣ್ಣ ಕೆಮ್ಮು ಕೇಳಿಸುತ್ತೆ. ಅದು ನಂದು. ಚಿಕ್ಕವನಿದ್ದೆ, ರೆಕಾರ್ಡಿಂಗ್ ಹೊತ್ತಲ್ಲಿ ಅಮ್ಮನ ಕಾಲ ಹತ್ರಾನೇ ಕೂತಿದ್ದೆ. ಬೈತಾರೆ ಅಂದ್ಕೊಂಡ್ರೆ, ಅಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಿದ್ರು! ಈಗಲೂ ಆ ಕೆಮ್ಮು ಕೇಳಿದ್ರೆ ನಂಗೆ ನಗು ತಡೆಯಕ್ಕಾಗಲ್ಲ."

"ಈಗ... ಹೇಗಿದಾರೆ?"

"ಲಕ್ವಾ ಹೊಡೀತು. ಮಾತು ಹೋಯ್ತು."

ಛೇ! ಎಂಥ ಮಾತಾಡಿಬಿಟ್ಟೆ! ಅವಳು ತನ್ನನ್ನೇ ಬೈದುಕೊಂಡಳು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಅವನು ಲಿಫ್ಟ್ ರಿಪೇರಿಯವನು. ಅಂದೇ ಅಂಗಡಿಯ ವಿಳಾಸ ಕೇಳಿಕೊಂಡಿದ್ದವನು, ಕನ್ನಡಕ ಸಡಿಲ ಎಂಬ ನೆಪ ಹಿಡಿದು ಮತ್ತೆ ಮತ್ತೆ ಅಲ್ಲಿಗೆ ಬರತೊಡಗಿದ.

"ನಿಮ್ಮ ಕನ್ನಡಕ ಗಟ್ಟಿಯಾಗೇ ಇದೆ. ಸ್ಕ್ರೂ ಸಡಿಲ ಆಗಿರೋದು ಬೇರೆ ಕಡೆ!"

ಅಕ್ಕ ಹೋದಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ಆಡಿದ ಮೇಲೆ ಅವಳಿಗೇ ಅಳು ಬಂತು. ಅಕ್ಕನ ಕತೆಯನ್ನೆಲ್ಲ ಅಂದು ಅವನಿಗೆ ಹೇಳಿದಳು.

ಒಂದು ಸಂಜೆ ಅವಳನ್ನು ಮನೆಗೆ ಕರೆದೊಯ್ದ. ತನ್ನದೇ ದನಿ ಕೇಳಿದರೆ ಅಮ್ಮನಿಗೆ ಮಾತು ಮರಳೀತೆಂದು ದಿನವೂ ಆ ಸಿನಿಮಾ ಹಾಕುತ್ತಿದ್ದನಂತೆ. ಟಿವಿಯಲ್ಲಿ ತಾಯಿ ಕರಡಿ ಮಾತಾಡಿದಾಗ ಅವನ ಮುಖ ಅರಳಿತು. ಅವಳು ಮಾತ್ರ ಅಮ್ಮನ ಹಾಸಿಗೆಯತ್ತ ನೋಡಿದಳು. ಆ ಜೀವ ಮುಖವನ್ನು ಗೋಡೆಯ ಕಡೆ ಹೊರಳಿಸಿತ್ತು. ಆಡುವ ಒಂದೇ ಕೈ ಹೊದಿಕೆಯನ್ನು ಹಿಂಡುತ್ತಿತ್ತು.

"ಆಫ್ ಮಾಡಿ! ಅವರಿಗೆ ಹಿಂಸೆ ಆಗ್ತಿದೆ..."

"ನಮ್ಮಮ್ಮ ನಂಗೆ ಗೊತ್ತಿಲ್ವಾ? ನಿಮ್ಮಕ್ಕನ ದುಃಖಾನ ನಮ್ಮನೆಗೆ ತರಬೇಡಿ!"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು. ಅವನು ಕರೆಯಲಿಲ್ಲ. ಮತ್ತೆ ಅಂಗಡಿಗೂ ಬರಲಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗಲೂ ತಲೆ ಎತ್ತುತ್ತಿದ್ದಳು. ಬೇರೆ ಯಾರೋ ಇರುತ್ತಿದ್ದರು. 'ನಂಗೆ ಉಳಿಯೋರು ಯಾರೂ ಇಲ್ಲ...'

ಕೊನೆಗೊಂದು ಮಧ್ಯಾಹ್ನ ಬಂದ. ಗಡ್ಡ ಬೆಳೆದಿತ್ತು. ಕಣ್ಣು ಗುಳಿಬಿದ್ದಿತ್ತು.

"ಅಮ್ಮ ಹೋದ್ರು."

ಅವಳ ಕೈಯಲ್ಲಿದ್ದ ಗಾಜು ಮೇಜಿನ ಮೇಲೆ ಜಾರಿತು.

"ನೀವು ಹೋದ ಮಾರನೇ ದಿನ ರಿಮೋಟ್ ತಗೊಂಡೆ. ಅಮ್ಮ ನನ್ನ ಮಣಿಕಟ್ಟು ಹಿಡ್ಕೊಂಡ್ರು... ಬೇಡ ಅಂತ ತಲೆ ಆಡಿಸಿದ್ರು. ಅಷ್ಟು ದಿನದಿಂದ ನಾನೇ ಅವರನ್ನ ಚುಚ್ತಿದ್ದೆ! ಆಮೇಲೆ ಟಿವಿ ಹಾಕ್ಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂರ್ತಿದ್ದೆ. ಅವರು ಹೋಗೋ ಮುಂಚೆ ಆ ನಾಲ್ಕು ದಿನ ಸಿಕ್ಕಿದ್ದು ನಿಮ್ಮಿಂದ."

"ನನಗೆ ಹೇಳಬಾರದಿತ್ತಾ..."

"ಯಾವ ಮುಖ ಇಟ್ಕೊಂಡು ಹೇಳ್ಲಿ?" ಅವನ ದನಿ ಒಡೆಯಿತು. "ಈ ಸಂಕಟ... ಕಮ್ಮಿ ಆಗುತ್ತಾ?"

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ನಂಗಿನ್ನೂ ಆಗಿಲ್ಲ."

ಅವನು ತಲೆ ತಗ್ಗಿಸಿದ. "ನೀವಂದ್ರೆ ಇಷ್ಟ. ಅಮ್ಮ ಇದ್ದಾಗಲೇ ಹೇಳಬೇಕಿತ್ತು. ಈಗ ಮನೆ ಬಾಗಿಲು ತೆಗೆಯೋಕೇ ಭಯ ಆಗುತ್ತೆ. ಬೆಳಗ್ಗೆಯಿಂದ ಬೀದಿ ಸುತ್ತುತ್ತಿದೀನಿ."

ಅವಳು ಮಾಲೀಕರಿಗೆ ಹೇಳಿ, ಚೀಲ ಹೆಗಲಿಗೇರಿಸಿದಳು.

"ನಡಿ, ಹೋಗೋಣ."

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಬೆರಗಾಗಿ ನೋಡಿದ.

"ಎಲ್ಲಿಗೆ?"

"ಮನೆಗೆ. ಬೀಗದ ಕೈ ಇಲ್ಲಿ ಕೊಡು... ಬಾಗಿಲು ನಾನು ತೆಗೀತೀನಿ."