ಚಾವಣಿಯ ಜರ್ಸಿ

ತೊಗರಿಕಾಳು, ಎಳೆಹಲಸು, ಹಂದಿಮಾಂಸ ಹಾಕಿದ ಸಾರಿನಿಂದ ದೊಡ್ಡ ತುಂಡನ್ನೇ ಆರಿಸಿ ಮಗಳು ಲಿಗಾಯಾ ಗಂಡನ ತಟ್ಟೆಗೆ ಬಡಿಸಿದಾಗ ಪುರಿಂಗ್‌ಗೆ ಮೈಯೆಲ್ಲ ಉರಿಯಿತು. ಅಳಿಯ ಜೆರ್ವಿನ್ ತಲೆ ಎತ್ತದೆ ತಿಂದ. ಯಾರೋ ಬಡಿಸಿದ್ದನ್ನು ತಿನ್ನುವ ವಿದ್ಯೆಯೊಂದನ್ನು ಆ ಮಹಾಶಯ ಕಾಲೇಜು ಸೇರಿದ ದಿನದಿಂದಲೂ ಚೆನ್ನಾಗಿ ಕಲಿತಿದ್ದ.

"ಅಮ್ಮಾ, ಸಂಜೆ ವಕೀಲರು ಬರ್ತಾರೆ," ಎಂದಳು ಲಿಗಾಯಾ. "ನೀನು ಹೂಂ ಅಂದ್ರೆ ಸಾಕು... ಟೀಮು ಇವರ ಕೈಗೆ ಬರತ್ತೆ."

ಇಲೋಯಿಲೋ ಪಟ್ಟಣದ ಆ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಭಾನುವಾರದ ಪೂಜೆಗಿಂತ ಒಂದು ತೂಕ ಹೆಚ್ಚೇ. ಪುರಿಂಗಳ ಗಂಡ ಇಸ್ಕೋ ಜೀವಮಾನವಿಡೀ ಅಲ್ಲಿ ಕೋಚ್ ಆಗಿದ್ದವನು. ಸ್ವತಃ ಆಡಲು ಬಾರದ ಕುಳ್ಳ, ಒಂದು ಗಿಡ್ಡ ಮರದ ಸ್ಟೂಲಿನ ಮೇಲೆ ಕೂತು ಬಾಯಿಮಾತಿನಲ್ಲೇ ಆಟ ಕಲಿಸಿದ. ಅವನು ತೀರಿಕೊಂಡ ಮೇಲೆ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟರು. ಅವನ ವಿಧವೆಯ ಮಾತು ಮೀರಿ ಹೊಸ ಕೋಚ್‌ನನ್ನು ನೇಮಿಸುವ ಎದೆ ಯಾರಿಗೂ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೋ ಜೆರ್ವಿನ್‌ನೇ ಬೇಕಿತ್ತು. ತಾರೆ ಮನೆಗೆ ಮರಳಬೇಕಂತೆ!

ತಾರೆಯ ಕಥೆ ಪುರಿಂಗ್‌ಗೆ ಗೊತ್ತಿಲ್ಲವೇ? ಪ್ರತಿಯೊಬ್ಬ ಆಟಗಾರ ತನ್ನ ಜರ್ಸಿಯನ್ನು ಕ್ರೀಡಾಂಗಣದ ಹಿಂದಿನ ನಲ್ಲಿಯಲ್ಲಿ ತಾನೇ ಒಗೆಯಬೇಕೆಂಬುದು ಇಸ್ಕೋನ ನಿಯಮ. ಜೆರ್ವಿನ್ ಒಂದು ದಿನವೂ ಒಗೆಯಲಿಲ್ಲ. ಅಪ್ಪನ ಕಣ್ಣು ತಪ್ಪಿಸಿ ಲಿಗಾಯಾ ಒಗೆದಳು, ಅದನ್ನೇ ಪ್ರೀತಿ ಎಂದುಕೊಂಡಳು. ಕೊನೆಗೆ ಪಂದ್ಯಾವಳಿ ಅರ್ಧಕ್ಕೆ ಬಂದಾಗ ಮನಿಲಾದ ದೊಡ್ಡ ತಂಡವೊಂದು ಕರೆಯಿತೆಂದು ಈ ಪುಣ್ಯಾತ್ಮ ಒಂದು ಮಾತೂ ಹೇಳದೆ ಎದ್ದು ಹೋದ. ಆ ವರ್ಷ ಟೀಮು ಮಣ್ಣುಮುಕ್ಕಿತು. ಇಸ್ಕೋ ಬೈಯಲಿಲ್ಲ, ಅಳಲೂ ಇಲ್ಲ... ರಾತ್ರಿ ಊಟ ಮಾತ್ರ ಬಿಟ್ಟ. ಆಮೇಲೆ ಮನಿಲಾದಲ್ಲಿ ಜೆರ್ವಿನ್ ಹೆಸರು ಮಾಡಿದ್ದೇ ತಡ, ಅದೇ ಕಾಲೇಜು ಅವನ ಏಳನೆಯ ನಂಬರಿನ ಜರ್ಸಿಯನ್ನು ದೇವರ ಪಟದ ಹಾಗೆ ಕ್ರೀಡಾಂಗಣದ ಚಾವಣಿಗೆ ತೂಗುಹಾಕಿತು. ಮಂಡಿ ಹೋದ ದಿನ ಮನಿಲಾ ಅವನನ್ನು ಹಿಂಡಿದ ಕಬ್ಬಿನ ಸಿಪ್ಪೆಯಂತೆ ಉಗಿಯಿತು. ಅಂದಿನಿಂದ ಹೆಂಡತಿ, ಮಗುವಿನೊಂದಿಗೆ ಅವನ ವಾಸ ಅತ್ತೆಮನೆಯಲ್ಲಿ.

ಸಂಜೆ ಹಳೆಯ ವಿದ್ಯಾರ್ಥಿಗಳ ಪರವಾಗಿ ವಕೀಲ ಪಲ್ಮಾರೆಸ್ ಮಾವಿನಹಣ್ಣಿನ ಬುಟ್ಟಿಯೊಂದಿಗೆ ಬಂದು ಬೆಣ್ಣೆ ಮಾತಾಡಿದ.

"ಜನಕ್ಕೆ ಒಂದು ಹೆಸರು ಬೇಕು, ಅಕ್ಕಾ."

"ಹೆಸರು ಚಾವಣಿಯಲ್ಲಿ ನೇತಾಡ್ತಿದೆಯಲ್ಲ, ಅದನ್ನೇ ನೇಮಿಸ್ಕೊಳ್ಳಿ," ಎಂದಳು ಪುರಿಂಗ್. "ಸಂಬಳಾನೂ ಉಳಿಯತ್ತೆ."

ವಕೀಲ ಕೆಮ್ಮಿದ. ಜೆರ್ವಿನ್ ನೆಲ ನೋಡಿದ. ಲಿಗಾಯಾ ಮಾತ್ರ ತಾಯಿಯನ್ನು ಅಡುಗೆಮನೆಗೆ ಎಳೆದೊಯ್ದು ಬಿಕ್ಕಳಿಸಿದಳು.

"ಇದಾಗ್ದಿದ್ರೆ ನಾನು ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋಗ್ಬೇಕಮ್ಮಾ... ಏಜೆನ್ಸಿಗೆ ಪಾಸ್‌ಪೋರ್ಟ್ ಕೊಟ್ಟಾಗಿದೆ. ಮಗೂನ ನಿನ್ನ ಕೈಲಿಟ್ಟು ಹೋಗ್ತೀನಿ."

ಪುರಿಂಗ್ ಮಗಳ ಕೈ ನೋಡಿದಳು. ಇಲ್ಲಿ ಗಂಡನ ಬಟ್ಟೆ ಒಗೆದದ್ದು ಸಾಲದೆಂದು ಸಮುದ್ರದಾಚೆ ಪರರ ಬಟ್ಟೆ ಒಗೆಯಲು ಹೋಗುವುದೇ? ಆದರೆ ಮಗಳ ಕಣ್ಣೀರಿಗೆ ಕರಗಿ ಇಸ್ಕೋನ ಹುಡುಗರನ್ನು ಈ ಸೋಗಿನವನ ಕೈಗೆ ಒಪ್ಪಿಸಲೇ...? ಅವಳು ಹೊರಗೆ ಬಂದು ಒಂದೇ ಷರತ್ತು ಹಾಕಿದಳು. ನಾಳೆ ಅವನು ಹುಡುಗರಿಗೆ ಕಲಿಸಲಿ, ತಾನು ನೋಡಬೇಕು. ಆದರೆ ಅವನು ಚೆಂಡು ಮುಟ್ಟಕೂಡದು. ಜೆರ್ವಿನ್ ನಕ್ಕು ಒಪ್ಪಿಕೊಂಡ.

ನಾಯಿ ಬಾಲ ನಳಿಗೆಯಲ್ಲಿಟ್ಟರೆ ನೆಟ್ಟಗಾದೀತೇ? ಮರುದಿನ ಕ್ರೀಡಾಂಗಣದಲ್ಲಿ ಪುರಿಂಗ್, ಲಿಗಾಯಾ, ವಕೀಲ ಕೂತು ನೋಡುತ್ತಿದ್ದಂತೆ ಜೆರ್ವಿನ್ ಸ್ವಲ್ಪ ಹೊತ್ತು ಕೈ ಕಟ್ಟಿ ನಿಂತ. "ಹಂಗಲ್ಲ, ಹಿಂಗೆ," ಎಂದ. ಹಿಂಗೆ ಅಂದರೆ ಹೇಗೆಂದು ಹುಡುಗರಿಗೆ ತಿಳಿಯಲಿಲ್ಲ. ಅವನಿಗೂ ಹೇಳಲು ಬರಲಿಲ್ಲ. ಕೊನೆಗೆ ಚೆಂಡು ಕಸಿದುಕೊಂಡು ಎಸೆದ. ಬಲೆ ಸರಕ್ಕೆಂದಿತು. ಹುಡುಗರು ಶಿಳ್ಳೆ ಹೊಡೆದು ಚಾವಣಿಯ ಜರ್ಸಿಯತ್ತ ಕೈ ತೋರಿದರು, ಇವನೂ ಕತ್ತೆತ್ತಿ ನೋಡಿಕೊಂಡ. ಒಬ್ಬರೂ ಏನೂ ಕಲಿಯಲಿಲ್ಲ. ಮತ್ತೊಮ್ಮೆ ಜಿಗಿಯಹೋದಾಗ ಮಂಡಿ ಕೈಕೊಟ್ಟಿತು. ತಾರೆ ದೊಪ್ಪನೆ ನೆಲಕ್ಕೆ ಬಿತ್ತು.

ಯಾರೋ ಕಿಸಕ್ಕನೆ ನಕ್ಕರು. ಪುರಿಂಗ್ ಎದ್ದು ಹೋಗಿ ಮೂಲೆಯಲ್ಲಿದ್ದ ಇಸ್ಕೋನ ಸ್ಟೂಲನ್ನು ಕಾಲಿನಿಂದಲೇ ಅವನ ಕಡೆ ತಳ್ಳಿದಳು.

"ಕೂತ್ಕೊ. ಕಾಲು ಹೋಯ್ತು. ಬಾಯಾದ್ರೂ ಇದೆಯಾ ನೋಡೋಣ."

ಅವನು ಹಲ್ಲು ಕಚ್ಚಿ ಕೂತ. ಅಷ್ಟು ಗಿಡ್ಡ ಸ್ಟೂಲಿನಿಂದ ಕಾಣುವುದು ಹುಡುಗರ ಕಾಲುಗಳು ಮಾತ್ರ. ಅವನ್ನೇ ನೋಡತೊಡಗಿದ. ಆಮೇಲೆ, ಯಾವಾಗಲೂ ಗುರಿ ತಪ್ಪುತ್ತಿದ್ದ ಒಬ್ಬ ಉದ್ದನೆಯ ಹುಡುಗನನ್ನು ಕರೆದ.

"ನಿನ್ನ ಕೈ ಸರಿ ಇದೆ ಕಣೋ. ಎಡಗಾಲು ಮುಂಚೆ ತಿರುಗ್ತಿದೆ. ಯಾತಕ್ಕೆ ಅವಸರ? ಹೆದರಿಕೆನಾ?"

ಹುಡುಗ ಹೌದೆಂದು ತಲೆಯಾಡಿಸಿದ. ಇಬ್ಬರೂ ಮೆಲ್ಲಗೆ ಏನೋ ಮಾತಾಡಿಕೊಂಡರು. ಚೆಂಡು ಎರಡು ಸಲ ತಪ್ಪಿತು, ಮೂರನೆಯ ಸಲ ಒಳಗೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜೆರ್ವಿನ್ ಚಾವಣಿಯತ್ತ ನೋಡಲೂ ಇಲ್ಲ, ಆಗಲೇ ಇನ್ನೊಬ್ಬನ ಕಾಲು ನೋಡುತ್ತಿದ್ದ. ಪುರಿಂಗ್ ಆ ಸ್ಟೂಲನ್ನೇ ನೋಡಿದಳು. ಇಸ್ಕೋ ಇದ್ದಾಗ ಹೀಗೆ ಒಂದು ದಿನ ಕೂತಿದ್ದರೆ ಇವನ ಗಂಟೇನು ಹೋಗುತ್ತಿತ್ತು...

"ಇವನಿಗೇ ಕೊಡಿ," ಎಂದಳು ವಕೀಲನಿಗೆ. ಲಿಗಾಯಾ ಓಡಿಬಂದು ತಾಯಿಯ ಕೈ ಹಿಡಿದಳು. "ಆದ್ರೆ ಆ ಜರ್ಸಿ ಇಳಿಸಿ. ಅದಿರ್ಲಿ, ಇಲ್ಲಾ ಇವನಿರ್ಲಿ. ಅದು ಅಲ್ಲಿರೋ ತನಕ ಹುಡುಗರೂ ಮೇಲೆ ನೋಡ್ತಾರೆ, ಇವನೂ ಮೇಲೆ ನೋಡ್ತಾನೆ. ಕಾಲು ಯಾರು ನೋಡ್ಬೇಕು?"

ವಕೀಲ ತಬ್ಬಿಬ್ಬಾದ. ಜೆರ್ವಿನ್‌ನ ಮುಖ ಬಿಳಿಚಿಕೊಂಡಿತು. ಅವನಿಗೆ ಈ ಲೋಕದಲ್ಲಿ ಉಳಿದಿದ್ದದ್ದು ಅದೊಂದೇ ಬಟ್ಟೆ. ಹೆಂಡತಿಯ ಮುಖ ನೋಡಿದ, ಅವಳ ಕೈ ನೋಡಿದ.

"ಇಳಿಸಿ," ಎಂದ.

ಏಣಿ ತಂದು ಇಳಿಸಿದರು. ಧೂಳು, ಜೇಡರಬಲೆ, ಹಲ್ಲಿಯ ಹಿಕ್ಕೆ. ಪುರಿಂಗ್ ಅದನ್ನು ಎರಡು ಬೆರಳಲ್ಲಿ ಹಿಡಿದು ಅಳಿಯನ ಮಡಿಲಿಗೆ ಹಾಕಿದಳು.

"ನಿಂದು. ನೀನೇ ಒಗಿ."

ಅವನು ಕುಂಟುತ್ತ ಹಿಂದಿನ ನಲ್ಲಿಗೆ ಹೋಗಿ ಕುಕ್ಕರಿಸಲಾರದೆ ಕಾಲು ಚಾಚಿ ಕೂತ. ಸೋಪು ಹಚ್ಚಿದ್ದೇ ಹಚ್ಚಿದ್ದು, ನೊರೆ ಮೊಣಕೈವರೆಗೆ ಬಂತು. ಉಜ್ಜಲಿಕ್ಕೂ ಬಾರದು ಆ ಮಹಾರಾಯನಿಗೆ. ಲಿಗಾಯಾಗೆ ತಡೆಯಲಾಗಲಿಲ್ಲ, ಕಣ್ಣೊರೆಸಿಕೊಂಡು ಅವನತ್ತ ಹೆಜ್ಜೆಯಿಟ್ಟಳು. ಪುರಿಂಗ್ ಮಗಳ ಮಣಿಕಟ್ಟು ಹಿಡಿದು ಬಲವಂತವಾಗಿ ಪಕ್ಕದಲ್ಲಿ ಕೂರಿಸಿಕೊಂಡಳು, ಆ ಕೈಯನ್ನು ಬಿಡಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ಹಿಂಡಿದ ಜರ್ಸಿ ಹಿಡಿದು ನಿಂತ.

"ಅತ್ತೆ, ಇದನ್ನ ಎಲ್ಲಿ ಒಣಹಾಕ್ಲಿ?"

"ಎಲ್ಲರದ್ದೂ ಎಲ್ಲಿ ಒಣಗತ್ತೋ ಅಲ್ಲೇ," ಎಂದಳು ಪುರಿಂಗ್.